ಗಾಯ ಮಾಯ್ತು, ನೋವು ಮಾಯ್ಲಿಲ್ಲ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ "ನರ" ಅನ್ನೋ ಒಂದು ಪದಕ್ಕೆ ಮೂರು ಆಳಿನ ಕೆಲಸ. ಇಂಜೆಕ್ಷನ್ ಚುಚ್ಚೋದೂ ನರಕ್ಕೆ, ಕಾಲು ಉಳುಕಿದಾಗ "ನರ ಹೊರಳಿದೆ" ಅನ್ನೋದೂ ನರವೇ, ಪಾರ್ಶ್ವವಾಯು ಬಡಿದರೆ "ನರ ಸತ್ತಿದೆ" ಅನ್ನೋದೂ ಅದೇ. ಮೊದಲನೆಯದು ರಕ್ತನಾಳ, ಎರಡನೆಯದು ಸ್ನಾಯುಬಂಧ, ಮೂರನೆಯದು ಮಾತ್ರ ಡಾಕ್ಟರು ಹೇಳುವ ನರ. ಆದರೆ ಆ ಮೂರನೆಯ ನರ ನೊಂದಾಗ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಜನರ ಹತ್ತಿರ ಪದಗಳಿಗೇನೂ ಬರವಿಲ್ಲ. ಉರಿ, ಸೆಳೆತ, ಚಳಕು, ಜೋಮು, ಜುಮ್ ಅನ್ನೋದು, ಇರುವೆ ಹರಿದ ಹಾಗೆ, ಕರೆಂಟ್ ಹೊಡೆದ ಹಾಗೆ... ಇಂಗ್ಲಿಷಿನ ಪ್ರಶ್ನಾವಳಿ ಹಿಡಿದು ಕೇಳುವ ನೋವಿನ ವೈದ್ಯರಿಗೆ ಬೇಕಾದ ಉತ್ತರಗಳೆಲ್ಲ ಇದರಲ್ಲೇ ಇವೆ.

ಈ ಪದಗಳನ್ನು ದೊಡ್ಡವರು ಹೇಳಿದರೆ ನಂಬುತ್ತೇವೆ. ಸರ್ಪಸುತ್ತು ಆಗಿ ಗುಳ್ಳೆ ಒಣಗಿದ ಮೇಲೂ ಅಜ್ಜಿಯೊಬ್ಬರು ಆರು ತಿಂಗಳು "ಉರೀತದೆ ಕಣಪ್ಪ, ಸೆರಗು ತಾಕಿದರೂ ತಡ್ಕಳಕ್ಕಾಗಲ್ಲ" ಅಂದರೆ ಊರಿಗೆ ಊರೇ ಹೌದು ಹೌದು ಅನ್ನುತ್ತೆ. ಅದು ನರದ ನೋವು ಅಂತ ಹೆಸರು ಗೊತ್ತಿಲ್ಲದಿದ್ದರೂ ಅದರ ಗುಣ ಎಲ್ಲರಿಗೂ ಗೊತ್ತು. ಅದೇ ಮಾತನ್ನು ಒಂಬತ್ತು ವರ್ಷದ ಹುಡುಗ ಹೇಳಿದರೆ? ಆಪರೇಶನ್ ಆಗಿ, ಹೊಲಿಗೆ ಬಿಚ್ಚಿ, ಗಾಯ ಮಾಯ್ದು ಆರು ತಿಂಗಳಾದ ಮೇಲೆ "ಅಮ್ಮ, ಉರಿ" ಅಂದರೆ? "ಸ್ಕೂಲಿಗೆ ಹೋಗಕ್ಕೆ ನೆವ" ಅನ್ನುವವರೇ ಜಾಸ್ತಿ.

ಮಕ್ಕಳ ನೋವನ್ನು ನಂಬದೇ ಇರೋದು ನಮ್ಮ ಹಳ್ಳಿಯವರ ಅಜ್ಞಾನ ಅಂದುಕೊಂಡಿದ್ದೀರಾ? ಅಲ್ಲ. ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳು ನಲವತ್ತು ವರ್ಷದ ಹಿಂದಿನವರೆಗೂ ಅದನ್ನೇ ಮಾಡುತ್ತಿದ್ದವು. ಈ ಕಥೆಯನ್ನು ನಾನು ಕೆಲವು ತಿಂಗಳಿಂದ ಓದಿಕೊಳ್ಳುತ್ತಿದ್ದೇನೆ. ಕನ್ನಡದಲ್ಲಿ ಒಂದು ಕಡೆ ಇರಲಿ ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಂಡು ಕೂತುಕೊಳ್ಳಿ :)

ಇಲ್ಲದ ಕಾಲಿನ ನೋವು

ಗಾಯ ವಾಸಿಯಾದ ಮೇಲೂ ನೋವು ಉಳಿಯುತ್ತೆ ಅನ್ನೋದು ಹೊಸ ಸಂಗತಿಯೇನಲ್ಲ. ಕತ್ತರಿಸಿ ಹಾಕಿದ ಕಾಲಿನಲ್ಲೇ ನೋವಾಗುತ್ತದೆ ಅಂತ ಸೈನಿಕರು ಹೇಳುವುದನ್ನು ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ 16ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಫಿಲಡೆಲ್ಫಿಯಾದಲ್ಲಿ ನರಕ್ಕೆ ಗುಂಡೇಟು ಬಿದ್ದ ಸಿಪಾಯಿಗಳಿಗೇ ಅಂತ ಒಂದು ಆಸ್ಪತ್ರೆ ಇತ್ತು. ಅಲ್ಲಿದ್ದ ಸೈಲಾಸ್ ವಿಯರ್ ಮಿಚೆಲ್ ತನ್ನ ಇಬ್ಬರು ಸಹೋದ್ಯೋಗಿಗಳ ಜೊತೆ 1864ರಲ್ಲಿ ನರಗಳ ಗಾಯದ ಬಗ್ಗೆ ಪುಸ್ತಕ ತಂದ. ಗಾಯ ಒಣಗಿದ ಮೇಲೂ ಕೈ ಬೆಂಕಿಯಂತೆ ಉರಿಯುವುದು, ಕಾಗದ ಸರಿದ ಸದ್ದಿಗೂ ರೋಗಿ ನರಳುವುದು, ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡು ಓಡಾಡುವುದು ಎಲ್ಲವನ್ನೂ ಅವನು ದಾಖಲಿಸಿದ. ಇಲ್ಲದ ಅಂಗದ ಅನುಭವಕ್ಕೆ "ಫ್ಯಾಂಟಮ್ ಲಿಂಬ್" ಅಂದರೆ ಭೂತದ ಅಂಗ ಅಂತ 1871ರಲ್ಲಿ ಹೆಸರಿಟ್ಟವನೂ ಅವನೇ.

ಆದರೆ ಗಮನಿಸಿ, ಇವರೆಲ್ಲ ದೊಡ್ಡ ಗಂಡಸರು, ಯುದ್ಧದಲ್ಲಿ ಗಾಯಗೊಂಡವರು. ಅವರ ನೋವಿಗೆ ಒಂದು ಮರ್ಯಾದೆ ಇತ್ತು. ಮಕ್ಕಳು ಈ ಪುಸ್ತಕಗಳಲ್ಲಿ ಇಲ್ಲ.

ಮಕ್ಕಳಿಗೆ ನೋವಿಲ್ಲ ಅಂದವರು

19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಪಾಲ್ ಫ್ಲೆಕ್ಸಿಗ್ ಎಳೆ ಮಕ್ಕಳ ಮೆದುಳನ್ನು ಅಧ್ಯಯನ ಮಾಡಿ, ಹುಟ್ಟಿದಾಗ ಬಹಳಷ್ಟು ನರತಂತುಗಳಿಗೆ ಮಯಲಿನ್ ಅನ್ನೋ ಹೊದಿಕೆ ಬಂದಿರುವುದಿಲ್ಲ ಅಂತ ತೋರಿಸಿದ. ಇದು ನಿಜ. ಇದರಿಂದ ಬೇರೆಯವರು ಎಳೆದ ತೀರ್ಮಾನ ಏನಪ್ಪಾ ಅಂದರೆ, ಹೊದಿಕೆ ಇಲ್ಲದ ತಂತಿಯಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ, ಹಾಗಾಗಿ ಕೂಸುಗಳಿಗೆ ನೋವು ಗೊತ್ತಾಗಲ್ಲ! 1941ರಲ್ಲಿ ನ್ಯೂಯಾರ್ಕಿನ ಮರ್ಟಲ್ ಮೆಕ್‌ಗ್ರಾ ಕೂಸುಗಳಿಗೆ ಸೂಜಿಮೊನೆ ಚುಚ್ಚಿ ಪ್ರತಿಕ್ರಿಯೆ ನೋಡಿದ ಪ್ರಬಂಧವನ್ನೂ ಇದಕ್ಕೆ ಸಾಕ್ಷಿಯಾಗಿ ಬಳಸಿಕೊಂಡರು. ಇದರಲ್ಲಿದ್ದ ತಪ್ಪು ತೀರಾ ಸರಳ. ದೊಡ್ಡವರಲ್ಲಿ ಕೂಡ ಉರಿ, ಸೆಳೆತದ ನೋವನ್ನು ಹೊತ್ತೊಯ್ಯುವ ಸಣ್ಣ ತಂತುಗಳಿಗೆ ಮಯಲಿನ್ ಹೊದಿಕೆ ಇರೋದೇ ಇಲ್ಲ! ಹೊದಿಕೆ ಇಲ್ಲದಿದ್ದರೆ ಸುದ್ದಿ ನಿಧಾನವಾಗಿ ಹೋಗುತ್ತೆ ಅಷ್ಟೇ. ಆ ಪುಟ್ಟ ಮೈಯಲ್ಲಿ ದಾರಿಯೂ ಚಿಕ್ಕದು.

ಇನ್ನೊಂದು ಕಾರಣವೂ ಇತ್ತು, ಅದನ್ನು ತಳ್ಳಿಹಾಕುವ ಹಾಗಿಲ್ಲ. ಭಯ. ಕ್ಲೋರೋಫಾರ್ಮ್ ಬಳಕೆಗೆ ಬಂದ ಮೂರೇ ಮೂರು ತಿಂಗಳೊಳಗೆ, 1848ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ ಹ್ಯಾನಾ ಗ್ರೀನರ್ ಅನ್ನೋ 15 ವರ್ಷದ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಮಲಗಿದವಳು ಏಳಲೇ ಇಲ್ಲ. ಅರಿವಳಿಕೆಯಿಂದಾದ ಮೊದಲ ಸಾವು ಅಂತ ಚರಿತ್ರೆ ಗುರುತಿಸುವುದು ಈ ಮಗುವಿನ ಸಾವನ್ನೇ. ಪುಟ್ಟ ಮಕ್ಕಳಿಗೆ ಹೆಚ್ಚು ಔಷಧಿ ಕೊಟ್ಟರೆ ಉಸಿರು ನಿಲ್ಲುತ್ತೆ ಅನ್ನೋ ಭಯ ಆಮೇಲೆ ನೂರು ವರ್ಷ ಬಿಡಲಿಲ್ಲ. 1950ರಲ್ಲಿ ಲಿವರ್‌ಪೂಲಿನ ಜಾಕ್ಸನ್ ರೀಸ್ ನವಜಾತ ಶಿಶುಗಳಿಗೆ ಒಂದು ಕ್ರಮ ಹೇಳಿಕೊಟ್ಟ. ಅದರಲ್ಲಿ ಇದ್ದದ್ದು ಹಗುರವಾದ ನೈಟ್ರಸ್ ಆಕ್ಸೈಡ್, ಜೊತೆಗೆ ಕ್ಯುರಾರೆ. ಕ್ಯುರಾರೆ ಮೈಯ ಸ್ನಾಯುಗಳನ್ನು ನಿಶ್ಚಲ ಮಾಡುತ್ತೆ, ನೋವನ್ನು ತಡೆಯುವುದಿಲ್ಲ. ಎಷ್ಟೋ ಕೂಸುಗಳು ಅದರಿಂದ ಬದುಕಿದವು, ನಿಜ. ಆದರೆ ಅಳುವುದಕ್ಕೂ ಆಗದ ಮಗು ನೋಡುವವರ ಕಣ್ಣಿಗೆ ನೋವಿಲ್ಲದ ಮಗುವಿನ ಹಾಗೇ ಕಾಣುತ್ತೆ.

ಒಬ್ಬ ನರ್ಸ್, ಒಬ್ಬ ತಾಯಿ, ಒಬ್ಬ ಇಂದೋರಿನ ಹುಡುಗ

ಈ ನಂಬಿಕೆ ಮುರಿದವರು ಮೂವರು. ಮೊದಲನೆಯವಳು ಅಮೆರಿಕದ ಅಯೋವಾದ ನರ್ಸ್ ಜೋ ಈಲಂಡ್. 1977ರಲ್ಲಿ ಅವಳು ಪ್ರಕಟಿಸಿದ ಲೆಕ್ಕ ಹೀಗಿತ್ತು: ಆಪರೇಶನ್ ಆದ 4ರಿಂದ 8 ವರ್ಷದ 25 ಮಕ್ಕಳಲ್ಲಿ 13 ಮಕ್ಕಳಿಗೆ ಆಸ್ಪತ್ರೆಯಲ್ಲಿ ಇದ್ದಷ್ಟು ದಿನವೂ ಒಂದೇ ಒಂದು ನೋವಿನ ಔಷಧಿ ಕೊಟ್ಟಿರಲಿಲ್ಲ. ಉಳಿದ ಹನ್ನೆರಡು ಮಕ್ಕಳಿಗೆ ಎಲ್ಲ ಸೇರಿ 24 ಡೋಸ್. ಅಂಥದ್ದೇ ಕಾಯಿಲೆಯ ದೊಡ್ಡವರಿಗೆ ನೂರಾರು ಡೋಸ್ ಕೊಟ್ಟಿದ್ದರು. ಈಲಂಡ್ ಇನ್ನೊಂದು ಕೆಲಸ ಮಾಡಿದಳು. ಮಕ್ಕಳ ಕೈಗೆ ಮನುಷ್ಯನ ಚಿತ್ರ ಮತ್ತು ಬಣ್ಣದ ಕ್ರೇಯಾನ್ ಕೊಟ್ಟು, ಎಲ್ಲಿ ನೋವೋ ಅಲ್ಲಿಗೆ ಬಣ್ಣ ಹಚ್ಚು, ಜಾಸ್ತಿ ನೋವಿಗೆ ಯಾವ ಬಣ್ಣ ನೀನೇ ಹೇಳು ಅಂದಳು. ಮಗುವನ್ನು ಕೇಳಬಹುದು ಅನ್ನೋದೇ ಆಗ ಹೊಸ ವಿಚಾರ.

ಎರಡನೆಯವಳು ಜಿಲ್ ಲಾಸನ್. 1985ರಲ್ಲಿ ವಾಷಿಂಗ್ಟನ್ನಿನಲ್ಲಿ ಅವಳ ಅವಧಿಗೆ ಮುಂಚೆ ಹುಟ್ಟಿದ ಮಗು ಜೆಫ್ರಿಗೆ ಎದೆ ತೆರೆದು ಆಪರೇಶನ್ ಮಾಡಿದರು. ಮಗು ಕೆಲವು ವಾರಗಳಲ್ಲಿ ತೀರಿಕೊಂಡಿತು. ಆಪರೇಶನ್ ಹೊತ್ತಿಗೆ ಅದಕ್ಕೆ ಕೊಟ್ಟಿದ್ದು ಮೈ ಅಲ್ಲಾಡದಂತೆ ಮಾಡುವ ಔಷಧಿ ಮಾತ್ರ ಅಂತ ತಾಯಿಗೆ ಆಮೇಲೆ ದಾಖಲೆ ನೋಡಿದಾಗ ತಿಳಿಯಿತು. ಅವಳು ಸುಮ್ಮನೆ ಕೂರಲಿಲ್ಲ, ಪತ್ರಗಳನ್ನು ಬರೆದಳು, ಪತ್ರಿಕೆಗೆ ಹೋದಳು. 1986ರಲ್ಲಿ ಸುದ್ದಿ ಹೊರಗೆ ಬಂದಾಗ ಅಮೆರಿಕದ ತಂದೆತಾಯಿಗಳು ಬೆಚ್ಚಿಬಿದ್ದರು.

ಮೂರನೆಯವನು ನಮ್ಮ ದೇಶದವನು. ಕನ್ವಲ್‌ಜೀತ್ ಸಿಂಗ್ ಆನಂದ್, ಇಂದೋರಿನಲ್ಲಿ ಡಾಕ್ಟರಿಕೆ ಓದಿ ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋದವನು. ಆಪರೇಶನ್ ಥಿಯೇಟರಿನಿಂದ ಮರಳಿ ಬರುವ ಕೂಸುಗಳ ಸ್ಥಿತಿ ಯಾಕೆ ಇಷ್ಟು ಹದಗೆಡುತ್ತೆ ಅಂತ ಅವನಿಗೆ ಅನುಮಾನ. ಅವಧಿಗೆ ಮುಂಚೆ ಹುಟ್ಟಿ ಹೃದಯದ ಬಳಿಯ ರಕ್ತನಾಳದ ಆಪರೇಶನ್‌ಗೆ ಬಂದ ಮಕ್ಕಳನ್ನು ಎರಡು ಗುಂಪು ಮಾಡಿದ. ಒಂದು ಗುಂಪಿಗೆ ಆಗಿನ ರೂಢಿಯ ನೈಟ್ರಸ್ ಆಕ್ಸೈಡ್ ಮತ್ತು ಕ್ಯುರಾರೆ, ಇನ್ನೊಂದಕ್ಕೆ ಅದರ ಜೊತೆ ಫೆಂಟನಿಲ್ ಎಂಬ ನೋವುನಿವಾರಕ. ಫೆಂಟನಿಲ್ ಸಿಗದ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಏರಿಹೋಗಿದ್ದವು, ಆಪರೇಶನ್ ನಂತರದ ತೊಂದರೆಗಳೂ ಅವರಲ್ಲೇ ಹೆಚ್ಚು. 1987ರ ಜನವರಿಯಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬಹುದು, ಕೊಡಬೇಕು ಅಂತ ಹೇಳಿಕೆ ಹೊರಡಿಸಿತು. ತೊಟ್ಟಿಲ ಕೂಸು ಅತ್ತರೆ ಎದ್ದುಹೋಗಿ ನೋಡುವ ನಮ್ಮ ಅಜ್ಜಿಯರಿಗೆ ಇದಕ್ಕೆ ಲ್ಯಾನ್ಸೆಟ್ ಬೇಕಿರಲಿಲ್ಲ ಅನ್ನಬಹುದು. ಆದರೆ ಅದೇ ಅಜ್ಜಿಯರ ಕಾಲದಲ್ಲಿ ಕಾಮಾಲೆಗೆ, ಬಾಲಗ್ರಹಕ್ಕೆ ಎಳೆ ಮಕ್ಕಳಿಗೆ ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು ಅನ್ನೋದನ್ನೂ ಮರೆಯಬಾರದು.

ತೂಬು ಮತ್ತು ಬೊಗಳೋ ನಾಯಿ

ಸರಿ, ಆಪರೇಶನ್ ಹೊತ್ತಿನ ನೋವಿಗೆ ದಾರಿ ಆಯ್ತು. ಆಮೇಲೆ ಉಳಿದುಬಿಡುವ ನೋವು?

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಗೇಟ್ ಇದೆ ಅಂತ. ನಮ್ಮ ಕಡೆಯವರಿಗೆ ಕೆರೆ ತೂಬು ಅಂದರೆ ಬೇಗ ಅರ್ಥ ಆಗುತ್ತೆ. ತೂಬು ಎಷ್ಟು ಎತ್ತಿದ್ದೀರೋ ಅಷ್ಟು ನೀರು ಗದ್ದೆಗೆ. ಮಗು ಬಿದ್ದಾಗ ತಾಯಿ ಆ ಜಾಗವನ್ನು ಉಜ್ಜುತ್ತಾಳಲ್ಲ, ಆ ಸ್ಪರ್ಶದ ಸುದ್ದಿ ಬೇರೆ ತಂತುಗಳಲ್ಲಿ ಬಂದು ತೂಬನ್ನು ಸ್ವಲ್ಪ ಇಳಿಸುತ್ತೆ. ಮೆದುಳಿನಿಂದ ಬರುವ ಅಪ್ಪಣೆಯೂ ತೂಬು ಏರಿಸಬಹುದು, ಇಳಿಸಬಹುದು. ಭಯ, ನಿದ್ದೆಗೆಡುವುದು, ಧೈರ್ಯ ಎಲ್ಲವೂ ನೋವಿನ ಲೆಕ್ಕಕ್ಕೆ ಸೇರಿದ್ದು ಹೀಗೆ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇಲಿಗಳಲ್ಲಿ ಇನ್ನೊಂದು ಸಂಗತಿ ತೋರಿಸಿದ. ಗಾಯದಿಂದ ಬಂದ ಸುದ್ದಿಗಳ ಹೊಡೆತಕ್ಕೆ ಬೆನ್ನುಹುರಿಯೇ ಬದಲಾಗುತ್ತೆ, ಆಮೇಲೆ ಬರೀ ತಾಕಿದ್ದನ್ನೂ ನೋವು ಅಂತ ಓದುತ್ತೆ. ತೋಟದ ನಾಯಿ ಕಳ್ಳ ಹೋಗಿ ಎಷ್ಟೋ ಹೊತ್ತಾದರೂ ಗರಿ ಬಿದ್ದ ಸದ್ದಿಗೆಲ್ಲ ಬೊಗಳುತ್ತಲ್ಲ, ಹಾಗೆ.

ಆಪರೇಶನ್ನಿನಲ್ಲಿ ಚರ್ಮ ಕೊಯ್ದರೆ ಸಣ್ಣ ನರಗಳೂ ಕೊಯ್ದುಹೋಗುತ್ತವೆ. ಕೆಲವೊಮ್ಮೆ ದೊಡ್ಡ ನರವೇ ಎಳೆದು ಹೋಗಬಹುದು, ಇಲ್ಲವೇ ಗಾಯದ ಕಲೆಯೊಳಗೆ ಸಿಕ್ಕಿಕೊಳ್ಳಬಹುದು. ಕೊಯ್ದ ನರದ ತುದಿ ಮತ್ತೆ ಚಿಗುರಲು ನೋಡುತ್ತೆ. ದಾರಿ ಸಿಗದಿದ್ದರೆ ಹಗ್ಗದ ತುದಿ ಬಿಚ್ಚಿ ನಾರು ಕೆದರಿಕೊಂಡ ಹಾಗೆ ಅಲ್ಲೇ ಗಂಟು ಕಟ್ಟಿ, ಮುಟ್ಟಿದರೆ ಕರೆಂಟ್ ಹೊಡೆಯುತ್ತೆ.

1998ರಲ್ಲಿ ಉತ್ತರ ಬ್ರಿಟನ್ನಿನ ಹತ್ತು ನೋವು ಕ್ಲಿನಿಕ್ಕುಗಳ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಲೆಕ್ಕ ಹಾಕಿದಾಗ, ಸುಮಾರು ನೂರಕ್ಕೆ 22 ಜನರ ನೋವು ಶುರುವಾದದ್ದೇ ಆಪರೇಶನ್ನಿನಿಂದ ಅಂತ ಗೊತ್ತಾಯಿತು. ಅಲ್ಲಿಯವರೆಗೆ ಇದನ್ನು ಒಂದು ಕಾಯಿಲೆ ಅಂತಲೇ ಯಾರೂ ಎಣಿಸಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಸ್ವಂತ ಹೆಸರು ಸಿಕ್ಕಿದ್ದು 2022ರ ಜನವರಿಯಿಂದ ಜಾರಿಗೆ ಬಂದ ಹನ್ನೊಂದನೇ ಆವೃತ್ತಿಯಲ್ಲಿ. ಆಪರೇಶನ್ ಆಗಿ ಮೂರು ತಿಂಗಳು ದಾಟಿದ ಮೇಲೂ ಇರುವ ನೋವು ಅನ್ನೋದು ಅದರ ಅಳತೆ. ಮಕ್ಕಳ ಬಗ್ಗೆ ಇರುವ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2017ರ ಒಂದು ಪರಿಶೀಲನೆ, ವರ್ಷದ ನಂತರವೂ ಹೆಚ್ಚುಕಡಿಮೆ ಐದು ಮಕ್ಕಳಲ್ಲಿ ಒಬ್ಬರಿಗೆ ನೋವು ಉಳಿದಿರುತ್ತೆ ಅಂತ ಹೇಳಿತು. ಬೆನ್ನುಮೂಳೆ, ಎದೆ, ಕೈಕಾಲು ಮೂಳೆಗಳ ದೊಡ್ಡ ಆಪರೇಶನ್‌ಗಳೇ ಅದರಲ್ಲಿ ಹೆಚ್ಚು. ಅದೆಲ್ಲವೂ ನರದ ನೋವಲ್ಲ. ಆದರೆ ಅದರಲ್ಲೊಂದು ಪಾಲು ಹೌದು.

ಕೂಸಿಗೊಂದು, ಹುಡುಗನಿಗೊಂದು

ನನಗೆ ಬಹಳ ಆಶ್ಚರ್ಯವಾದ ಭಾಗ ಇದು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಕೈಯ ನರಗಳ ಕಟ್ಟು ಹರಿದ ಶಿಶುಗಳನ್ನು ಲಂಡನ್ನಿನ ಪ್ರವೀಣ್ ಆನಂದ್ ಮತ್ತು ರಾಲ್ಫ್ ಬರ್ಚ್ ವರ್ಷಗಳ ನಂತರ ಪರೀಕ್ಷೆ ಮಾಡಿ 2002ರಲ್ಲಿ ವರದಿ ಕೊಟ್ಟರು. ದೊಡ್ಡವರಿಗೆ ಇದೇ ಗಾಯವಾದರೆ (ಬೈಕಿನಿಂದ ಬಿದ್ದವರಲ್ಲಿ ನೋಡಬಹುದು) ಭಯಂಕರ ನೋವು ವರ್ಷಗಟ್ಟಲೆ ಕಾಡುತ್ತೆ. ಈ ಮಕ್ಕಳಲ್ಲಿ ಅಂಥ ನೋವು ಇರಲಿಲ್ಲ!

ಹಾಗಾದರೆ "ಮಕ್ಕಳಿಗೆ ನೋವಿಲ್ಲ" ಅಂದವರೇ ಸರಿಯಾ? ಅಲ್ಲ. ಲಂಡನ್ನಿನ ಮರಿಯಾ ಫಿಟ್ಜ್‌ಜೆರಾಲ್ಡ್ ತಂಡ 2012 ಮತ್ತು 2015ರಲ್ಲಿ ಇಲಿಮರಿಗಳ ಮೇಲೆ ಮಾಡಿದ ಕೆಲಸ ಇದನ್ನು ಬಿಡಿಸಿತು. ತೀರಾ ಎಳೆಯ ಮರಿಯ ನರಕ್ಕೆ ಗಾಯ ಮಾಡಿದರೆ ಕೂಡಲೇ ನರದ ನೋವಿನ ಲಕ್ಷಣ ಕಾಣುವುದಿಲ್ಲ. ಎಳೆ ಮೈಯ ರೋಗನಿರೋಧಕ ವ್ಯವಸ್ಥೆ ಅದನ್ನು ಅದುಮಿ ಹಿಡಿದಿರುತ್ತೆ. ಆದರೆ ಮರಿ ಹರೆಯಕ್ಕೆ ಬಂದಾಗ ಆ ಹಿಡಿತ ಸಡಿಲಿ ನೋವು ತಲೆ ಎತ್ತುತ್ತೆ. ಇಲಿಯ ಮಾತು ಮನುಷ್ಯರಿಗೆ ಪೂರ್ತಿ ಒಪ್ಪುತ್ತೆ ಅಂತ ಹೇಳಲಾಗದು. ಆದರೂ ಹರೆಯಕ್ಕೆ ಕಾಲಿಟ್ಟ ಹುಡುಗನೋ ಹುಡುಗಿಯೋ "ಹಳೇ ಆಪರೇಶನ್ ಜಾಗ ಈಗ ಉರೀತಿದೆ" ಅಂದರೆ ನಗುವ ಹಾಗಿಲ್ಲ. ಫ್ಯಾಂಟಮ್ ಲಿಂಬ್ ವಿಷಯದಲ್ಲೂ ಇದೇ ಆಯಿತು. ಚಿಕ್ಕಂದಿನಲ್ಲಿ ಅಂಗ ಕಳೆದುಕೊಂಡವರಿಗೆ ಅದು ಬರಲ್ಲ ಅನ್ನುತ್ತಿದ್ದರು. ಮೆಲ್ಜಾಕ್ 1997ರಲ್ಲಿ ವಿಚಾರಿಸಿದಾಗ ಆರು ವರ್ಷಕ್ಕೆ ಮುಂಚೆ ಕೈಯೋ ಕಾಲೋ ತೆಗೆಸಿಕೊಂಡವರಲ್ಲಿ ಅರ್ಧದಷ್ಟು ಜನ ಆ ಅನುಭವ ಇದೆ ಅಂದರು.

ಎರವಲು ಮಾತ್ರೆಗಳು

ಈಗ ಚಿಕಿತ್ಸೆಗೆ ಬರೋಣ. ನರದ ನೋವಿಗೆ ಪ್ಯಾರಾಸಿಟಮಾಲ್, ಬ್ರೂಫೆನ್ ಅಷ್ಟಾಗಿ ಕೇಳುವುದಿಲ್ಲ. ಕೇಳುವ ಮಾತ್ರೆಗಳೆಲ್ಲ ಬೇರೆ ಕಾಯಿಲೆಗಳಿಂದ ಎರವಲು ಬಂದವು. ಕಾರ್ಬಮಝೆಪಿನ್ 1953ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಯಿತು. ಮುಖದ ನರದ ನೋವಿಗೆ ಅದು ಕೆಲಸ ಮಾಡುತ್ತೆ ಅಂತ 1962ರಲ್ಲಿ ಸ್ವೀಡನ್ನಿನ ಬ್ಲಾಮ್ ತೋರಿಸಿದ. ಅದನ್ನು ನಾವು ಹೆಚ್ಚಾಗಿ ನೋಡಿರುವುದು ಮೂರ್ಛೆ ರೋಗದ ಮಾತ್ರೆಯಾಗಿ. ಅಮಿಟ್ರಿಪ್ಟಿಲಿನ್ 1961ರಲ್ಲಿ ಖಿನ್ನತೆಗೆ ಅಂತ ಬಂತು. ಗ್ಯಾಬಾಪೆಂಟಿನ್ 1993ರಲ್ಲಿ ಮೂರ್ಛೆಗೆ ಅಂತ ಬಂತು. ಮೂರೂ ಕೆರಳಿದ ನರವನ್ನು ಬೇರೆ ಬೇರೆ ರೀತಿಯಲ್ಲಿ ಸಮಾಧಾನ ಮಾಡುತ್ತವೆ.

ಎಡವಟ್ಟಾಗುವುದು ಇಲ್ಲೇ. ನಮ್ಮೂರ ಕಡೆಯ ಒಬ್ಬ ಹುಡುಗ, ಬಿದ್ದು ಮೊಣಕೈ ಹತ್ತಿರ ಮೂಳೆ ಮುರಿದು ಕಂಬಿ ಹಾಕಿಸಿಕೊಂಡಿದ್ದ. ಮೊಣಕೈ ಗೋಡೆಗೆ ತಗುಲಿದರೆ ಜುಮ್ ಅನ್ನುತ್ತಲ್ಲ, ಅಲ್ಲಿ ಹಾದುಹೋಗುವ ನರಕ್ಕೆ ಪೆಟ್ಟಾಗಿತ್ತು. ಮೂಳೆ ಕೂಡಿತು, ಕಂಬಿ ತೆಗೆದರು, ಕಿರುಬೆರಳಿನ ಕಡೆಯ ಉರಿ ಹೋಗಲಿಲ್ಲ. ತುಂಬು ತೋಳಿನ ಅಂಗಿ ಹಾಕಲ್ಲ ಅಂತ ಹಟ. ಮೇಷ್ಟ್ರಿಗೆ ಅದು ನೆವ, ಅವನ ಅಜ್ಜಿಗೆ ಗಾಳಿ ಸೋಕಿದ್ದು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ನರದ ನೋವು ಅಂತ ಗುರುತಿಸಿ ಮಾತ್ರೆ ಬರೆದರು. ಅಂಗಡಿಯವನು ಚೀಟಿ ನೋಡಿ "ಇದು ಫಿಟ್ಸ್‌ಗೆ ಕೊಡೋದಲ್ವ ಅಕ್ಕ?" ಅಂದ. ಅಷ್ಟು ಸಾಕಾಯಿತು. ತಾಯಿ ಮಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಈ ಮಾತ್ರೆ ಯಾಕೆ, ಎಷ್ಟು ದಿನಕ್ಕೆ ಕೆಲಸ ಶುರು ಮಾಡುತ್ತೆ, ಶುರು ಮಾಡಿದ ಮೇಲೆ ಒಮ್ಮೆಲೇ ಯಾಕೆ ನಿಲ್ಲಿಸಬಾರದು ಅಂತ ಕನ್ನಡದಲ್ಲಿ ಐದು ನಿಮಿಷ ಹೇಳುವವರು ಅವರಿಗೆ ಸಿಕ್ಕಿರಲಿಲ್ಲ.

ಹಾಗಂತ ಮಾತ್ರೆಯೇ ದೇವರು ಅಂತಲೂ ನಾನು ಹೇಳುತ್ತಿಲ್ಲ. ಮಕ್ಕಳ ಮೇಲೆ ಇವನ್ನು ಸರಿಯಾಗಿ ಪರೀಕ್ಷಿಸಿದ್ದು ಬಹಳ ಕಡಿಮೆ. ಗ್ಯಾಬಾಪೆಂಟಿನ್ ಮತ್ತು ಅಮಿಟ್ರಿಪ್ಟಿಲಿನ್ ಎರಡನ್ನೂ ಮಕ್ಕಳಲ್ಲಿ ಹೋಲಿಸಿ ಟೊರಾಂಟೊದವರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದದ್ದು 34 ಮಕ್ಕಳು. ಎರಡರಲ್ಲೂ ನೋವು ಇಳಿಯಿತು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದೊಡ್ಡವರ ಅನುಭವವನ್ನೇ ತೂಕಕ್ಕೆ ತಕ್ಕಂತೆ ಇಳಿಸಿ ವೈದ್ಯರು ಬಳಸುತ್ತಿದ್ದಾರೆ. ಅಜ್ಜಿಯ ಸರ್ಪಸುತ್ತಿಗೆ ತಂದು ಉಳಿದ ಮಾತ್ರೆಯನ್ನು ಮಗುವಿಗೆ ಕೊಡುವಂಥ ಕೆಲಸ ಖಂಡಿತ ಬೇಡ.

ಮಾರ್ಫಿನ್ ಕಥೆಯೇ ಬೇರೆ. ಕಾನೂನುಬದ್ಧವಾಗಿ ಅಫೀಮು ಬೆಳೆದು ಜಗತ್ತಿಗೆ ಕೊಡುವ ದೇಶ ನಮ್ಮದು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ನಮ್ಮ ಆಸ್ಪತ್ರೆಗಳಲ್ಲೇ ಮಾರ್ಫಿನ್ ಬಳಕೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು. ಲೈಸೆನ್ಸುಗಳ ತೊಡಕಿಗೆ ಹೆದರಿ ಅದನ್ನು ಇಟ್ಟುಕೊಳ್ಳುವವರೇ ಇಲ್ಲವಾದರು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಆಪರೇಶನ್ನಿನ ತಕ್ಷಣದ ನೋವಿಗೆ, ಕ್ಯಾನ್ಸರಿನ ನೋವಿಗೆ ಇದು ಬೇಕೇಬೇಕು. ತಿಂಗಳುಗಟ್ಟಲೆ ಉಳಿಯುವ ನರದ ನೋವಿಗೆ ಮಾತ್ರ ಮಕ್ಕಳಲ್ಲಿ ಇದು ಮೊದಲ ದಾರಿ ಅಲ್ಲ.

ಮೂರು ಕಾಲಿನ ಒಲೆ

ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರಿನಲ್ಲಿ ಮಕ್ಕಳ ದೀರ್ಘಕಾಲದ ನೋವಿಗೆ ಮಾರ್ಗಸೂಚಿ ತಂದಿತು. ಅದರಲ್ಲಿ ಇರುವುದು ಮೂರು ಗುಂಡು: ಮೈಯ ವ್ಯಾಯಾಮ, ಮನಸ್ಸಿನ ತರಬೇತಿ, ಔಷಧಿ. ಒಂದು ತೆಗೆದರೂ ಪಾತ್ರೆ ವಾಲುತ್ತೆ. ಅಮೆರಿಕದ ಡೇವಿಡ್ ಶೆರ್ರಿ ಇದೇ ಜಾತಿಯ ಇನ್ನೊಂದು ನೋವಿನಿಂದ ಕೈಕಾಲು ಬಳಸದೇ ಬಿಟ್ಟಿದ್ದ 103 ಮಕ್ಕಳಿಗೆ ದಿನಕ್ಕೆ ಹಲವು ಗಂಟೆ ವ್ಯಾಯಾಮ ಮಾಡಿಸಿದ ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದಾಗ, ಅವರಲ್ಲಿ ಬಹುಪಾಲು ಮಕ್ಕಳು ಚೇತರಿಸಿಕೊಂಡಿದ್ದರು. ನೋವಿದೆ ಅಂತ ಕೈಯನ್ನು ಕಟ್ಟಿಟ್ಟರೆ ಬೆನ್ನುಹುರಿ, ಮೆದುಳು ಎರಡೂ ಆ ಕೈಗೆ ಇನ್ನಷ್ಟು ಹೆದರುತ್ತವೆ. ಹಾಗಾಗಿ ಫಿಸಿಯೋಥೆರಪಿಯವರು ಮೊದಲು ಹತ್ತಿಯಿಂದ ಸವರುತ್ತಾರೆ, ಆಮೇಲೆ ಟವೆಲ್, ಆಮೇಲೆ ಬಾಂಡಲಿಯಲ್ಲಿ ಹಾಕಿದ ಅಕ್ಕಿಯಲ್ಲಿ ಕೈಯಾಡಿಸುವುದು. ನಮ್ಮ ಕಡೆ ಅಕ್ಕಿ ಬದಲು ರಾಗಿ ಆದೀತು, ಕೊನೆಗೆ ತೆಂಗಿನ ನಾರೂ ಆದೀತು. ಅದಕ್ಕೆ ಬಡತನವೇನೂ ಇಲ್ಲ ನಮಗೆ. ಕನ್ನಡಿ ಮುಂದೆ ಒಳ್ಳೆಯ ಕೈ ಆಡಿಸಿ ಮೆದುಳನ್ನು ಮರುಳು ಮಾಡುವ, ತಮಿಳುನಾಡಿನಲ್ಲಿ ಹುಟ್ಟಿದ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದ ಉಪಾಯಕ್ಕೂ ಬೇಕಾಗಿರುವುದು ಒಂದು ಕನ್ನಡಿ ಮಾತ್ರ.

ದುಬಾರಿ ಆಗಿರುವುದು ಸಾಮಾನುಗಳಲ್ಲ, ಹೇಳಿಕೊಡುವ ಜನ. ತುರುವೇಕೆರೆಯವರು ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೆ, ತಿಪಟೂರಿನವರು ಹಾಸನಕ್ಕೋ ತುಮಕೂರಿಗೋ, ಯಾವುದೂ ಆಗದಿದ್ದರೆ ರೈಲು ಹತ್ತಿ ಬೆಂಗಳೂರಿಗೆ. ಚಿಕ್ಕನಾಯಕನಹಳ್ಳಿಗೆ ಆ ರೈಲೂ ಇಲ್ಲ. ಪ್ರತಿ ವಾರ ಕೂಲಿ ಬಿಟ್ಟು ಮಗುವನ್ನು ಕರೆದುಕೊಂಡು ಹೋಗುವವರು ಎಷ್ಟು ಜನ? ಮನಸ್ಸಿನ ತರಬೇತಿ ಅಂದಕೂಡಲೇ "ನನ್ನ ಮಗನಿಗೇನು ಹುಚ್ಚಾ?" ಅಂತ ತಂದೆ ಎದ್ದು ನಿಲ್ಲುತ್ತಾರೆ, ಅವರ ತಪ್ಪೂ ಇಲ್ಲ. ನೋವು ಸುಳ್ಳು ಅನ್ನೋದನ್ನೇ ಇನ್ನೊಂದು ರೀತಿಯಲ್ಲಿ ಹೇಳುತ್ತಿದ್ದಾರೆ ಅಂತ ಅವರಿಗೆ ಕೇಳಿಸುತ್ತೆ.

ಆ ಹುಡುಗನ ವಿಷಯ ಕೇಳುತ್ತೀರೇನೋ. ಊರಿಗೆ ಹೋದಾಗ ಅವನ ತಾಯಿಯ ಜೊತೆ ಒಂದಿಷ್ಟು ಹೊತ್ತು ಕೂತು, ನಾನು ಓದಿದ್ದನ್ನು ತೂಬಿನ ಲೆಕ್ಕದಲ್ಲಿ ಹೇಳಿದೆ. ಮಾತ್ರೆ ಕೊಡಿ ಬಿಡಿ ಅನ್ನೋಕೆ ನಾನು ಡಾಕ್ಟರಲ್ಲ, ಅದೇ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗಿ, ಈ ಐದು ಪ್ರಶ್ನೆ ಕೇಳಿ ಅಂತ ಚೀಟಿ ಬರೆದುಕೊಟ್ಟೆ. ಹೋದರು. ಈಗ ಮಾತ್ರೆಯೂ ನಡೆದಿದೆ, ರಾಗಿಯಲ್ಲಿ ಕೈಯಾಡಿಸುವುದೂ ನಡೆದಿದೆ. ಉರಿ ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಮಾಡುತ್ತಾನಂತೆ.

ಕನ್ನಡದಲ್ಲಿ ಬರೆಯುವ ಡಾಕ್ಟರು, ಫಿಸಿಯೋಗಳು, ನರ್ಸುಗಳು ನಿಮ್ಮಲ್ಲಿ ಯಾರಾದರೂ ಇದ್ದರೆ ಒಂದು ಕೋರಿಕೆ. ಆಪರೇಶನ್ ಆದ ಮಗುವನ್ನು ಮನೆಗೆ ಕಳಿಸುವಾಗ ತಾಯಿ ಕೈಗೆ ಕೊಡಬಹುದಾದ ಒಂದು ಪುಟ ಬರೆಯಿರಿ. ಮೂರು ತಿಂಗಳಾದರೂ ಉರಿ, ಜುಮ್, ಬಟ್ಟೆ ತಾಕಿದರೆ ನೋವು ಅಂದರೆ ವಾಪಸ್ ಕರೆತನ್ನಿ ಅನ್ನುವ ಒಂದು ಪುಟ. ಉಳಿದವರಿಗೆ ಇನ್ನೊಂದು: ಧಾರವಾಡದ ಕಡೆ, ಮಂಗಳೂರಿನ ಕಡೆ, ಕಾಸರಗೋಡಿನ ಕಡೆ ಮಕ್ಕಳು ಈ ನೋವಿಗೆ ಏನಂತಾರೆ? ನಿಮ್ಮ ಮನೆಯ ಪದಗಳನ್ನು ಕೆಳಗೆ ಬರೆದು ಹೋಗಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ, ಆ ಪುಟ ಬರೆಯುವವರಿಗೆ ಬೇಕಾಗುತ್ತೆ.